ಮರದ ಟಗ್ ಬೋಟ್ ಮಾದರಿ ಕಟ್ಟುತ್ತಿದ್ದೇನೆ, ಒಡಲು ಸೊಟ್ಟಗಾಗಿದೆ. ದಾರಿ ಹೇಳಿ

ಪಣಂಬೂರಿನವ · ಜೂನ್ 9

ಎಲ್ಲರಿಗೂ ನಮಸ್ಕಾರ. ನಾನು ಪಣಂಬೂರಿನ ಬಂದರಿನಲ್ಲಿ ಟಗ್‌ಗಳ ಮೇಲೆ ಡೆಕ್ ಕೆಲಸ ಮಾಡಿ ನಿವೃತ್ತನಾದವನು. ಕುದುರೆಮುಖದ ಅದಿರು ಒಯ್ಯಲು ಬರುತ್ತಿದ್ದ ದೊಡ್ಡ ಹಡಗುಗಳನ್ನು ಎಳೆದು, ತಳ್ಳಿ, ಧಕ್ಕೆಗೆ ತಂದು ನಿಲ್ಲಿಸುವುದು ನಮ್ಮ ಕೆಲಸವಾಗಿತ್ತು. ಮರಗೆಲಸ ನನ್ನ ಕಸುಬಲ್ಲ. ಮನೆಯ ಕಿಟಕಿ, ಬಾಗಿಲು ರಿಪೇರಿ ಮಾಡುವಷ್ಟು ಗೊತ್ತು, ಅಷ್ಟೇ.

ಹೋದ ವರ್ಷ ಮಗಳ ಮನೆಗೆ ಅಂತ ಸಿಯಾಟಲ್‌ಗೆ ಹೋಗಿದ್ದೆ. ಅಲ್ಲಿ ಲೇಕ್ ಯೂನಿಯನ್ ಅಂತ ಒಂದು ಸರೋವರ. ಅದರ ದಡದಲ್ಲಿ ಹಳೇ ಹಡಗುಗಳನ್ನು ಕಟ್ಟಿ ನಿಲ್ಲಿಸಿದ್ದಾರೆ. ಅವುಗಳಲ್ಲಿ ಒಂದು ಟಗ್, ಹೆಸರು ಆರ್ಥರ್ ಫಾಸ್. 1889ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಕಟ್ಟಿದ್ದು. ಪೂರ್ತಿ ಮರದ್ದು! ಮೊದಲು ಇದ್ದ ಹೆಸರು ವಲೋವಾ. ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆ ಮರಳು ದಿಬ್ಬಗಳ ಮೇಲೆ ಅಲೆ ಒಡೆಯುತ್ತದೆ. ಆ ಜಾಗ ದಾಟಿಸಿ ಹಾಯಿ ಹಡಗುಗಳನ್ನು ಒಳಗೆ ತರುವುದು ಇದರ ಕೆಲಸವಾಗಿತ್ತು. 1934ರಲ್ಲಿ ಹಬೆ ಯಂತ್ರ ತೆಗೆದು 700 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಕೂರಿಸಿದರು. 1941ರ ನವೆಂಬರ್ ಕೊನೆಗೆ ಶಾಂತಸಾಗರದ ವೇಕ್ ದ್ವೀಪದಿಂದ ಎರಡು ಬಾರ್ಜ್ (ಸರಕು ಹೊರುವ ಚಪ್ಪಟೆ ದೋಣಿ) ಎಳೆದುಕೊಂಡು ಹವಾಯಿ ಕಡೆ ಹೊರಟಿತು. ದಾರಿಯಲ್ಲಿರುವಾಗಲೇ ಜಪಾನಿಗೂ ಅಮೆರಿಕಕ್ಕೂ ಯುದ್ಧ ಶುರುವಾಯಿತು, ಡಿಸೆಂಬರ್ ಮುಗಿಯುವ ಮೊದಲೇ ವೇಕ್ ಜಪಾನಿನ ಕೈಗೆ ಹೋಯಿತು.

ಅದರ ಡೆಕ್ ಮೇಲೆ ಕಾಲಿಟ್ಟಾಗ ನನಗೆ ಆದ ಸಂತೋಷ ಹೇಳಲಾರೆ. ಅಷ್ಟು ದೂರದ ಊರು, ಅಷ್ಟು ಹಳೇ ಬೋಟು. ಆದರೂ ಯಾವುದು ಎಲ್ಲಿರಬೇಕೋ ಅಲ್ಲೇ ಇತ್ತು. ಮನೆಗೆ ಬಂದ ಮೇಲೆ ಇದರ ಮಾದರಿ ಕಟ್ಟಿ ನಡುಮನೆಯಲ್ಲಿ ಇಡಬೇಕು ಅನ್ನಿಸಿತು. ಉದ್ದ ಸುಮಾರು 120 ಅಡಿ. ಒಂದು ಅಡಿಗೆ ಕಾಲು ಇಂಚು ಲೆಕ್ಕದಲ್ಲಿ, ಅಂದರೆ 1:48ರಲ್ಲಿ, ಮಾದರಿ 30 ಇಂಚು ಬರುತ್ತದೆ.

5 ಮಿ.ಮೀ. ಪ್ಲೈವುಡ್‌ನಲ್ಲಿ ಬೆನ್ನುಮೂಳೆ, ಪಕ್ಕೆಲುಬು ಕತ್ತರಿಸಿ ಕೂರಿಸಿದೆ. ಬಲಗಡೆ ಮರದ ಪಟ್ಟಿಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಅಂಟಿಸಿ ಮುಗಿಸಿದೆ. ಒಂಬತ್ತು ದಿನ ಹಿಡಿಯಿತು. ಮೊನ್ನೆ ಮೇಲಿನಿಂದ ನೋಡಿದರೆ ಇಡೀ ಒಡಲು ಕುಡುಗೋಲಿನ ಹಾಗೆ ಬಲಕ್ಕೆ ಬಾಗಿದೆ. ಮುಂತುದಿಯಿಂದ ಹಿಂತುದಿಗೆ ದಾರ ಹಿಡಿದರೆ ನಡುವೆ 7 ಮಿ.ಮೀ. ವ್ಯತ್ಯಾಸ. ಎಲ್ಲ ಬಿಸಾಡಿ ಹೊಸದಾಗಿ ಶುರು ಮಾಡಬೇಕಾ?

ಅರ್ಧಇಂಚು · ಜೂನ್ 9

ಬಿಸಾಡಬೇಡಿ ಸರ್! ನಾನು ಬೆಂಗಳೂರಿನಲ್ಲಿ ಕಟ್ಟಡಗಳ ಮಾದರಿ ಮಾಡುತ್ತೇನೆ, ಬಿಡುವಿನಲ್ಲಿ ಹಡಗು ಕಟ್ಟುತ್ತೇನೆ. ಒಂದು ಕಡೆ ಪೂರ್ತಿ ಮುಗಿಸಿದ್ದೇ ಕಾರಣ. ಬಾಗಿಸಿ ಅಂಟಿಸಿದ ಪ್ರತಿ ಪಟ್ಟಿಯೂ ಮತ್ತೆ ನೇರ ಆಗಲು ನೋಡುತ್ತದೆ, ಅಂಟು ಒಣಗುವಾಗಲೂ ಎಳೆಯುತ್ತದೆ. ಎದುರುಗಡೆ ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಬೆನ್ನುಮೂಳೆ ಬಾಗಲೇಬೇಕು. ಬಲಕ್ಕೆ ಒಂದು ಪಟ್ಟಿ ಹಾಕಿದರೆ ಎಡಕ್ಕೂ ಒಂದು ಹಾಕಿ ಮುಂದೆ ಹೋಗಬೇಕು.

ಯಾವ ಅಂಟು ಹಾಕಿದ್ದೀರಿ? ಮಾಮೂಲಿ ಬಿಳಿ ಫೆವಿಕಾಲ್ ಆದರೆ ಬಚಾವ್. ಬಿಸಿ ನೀರಿನಲ್ಲಿ ಬಟ್ಟೆ ಹಿಂಡಿ ಪಟ್ಟಿಯ ಮೇಲೆ ಹತ್ತು ನಿಮಿಷ ಹಾಸಿ, ಮೇಲಿಂದ ಇಸ್ತ್ರಿ ಪೆಟ್ಟಿಗೆ ಮೆಲ್ಲಗೆ ಆಡಿಸಿ. ಅಂಟು ಮೆತ್ತಗಾಗುತ್ತದೆ. ಊಟದ ಚಾಕು ತೂರಿಸಿ ಎಬ್ಬಿಸಿ, ಹರಿತವಾದ ಚಾಕು ಬೇಡ. ಎಲ್ಲವನ್ನೂ ತೆಗೆಯಬೇಕಾಗಿಲ್ಲ. ಮೇಲಿನ ಎರಡು ಪಟ್ಟಿ ಬಿಟ್ಟು ಉಳಿದದ್ದು ತೆಗೆದರೆ ಸಾಕು. ಆಮೇಲೆ ನೇರವಾದ ಹಲಗೆಗೆ ಬೆನ್ನುಮೂಳೆಯನ್ನು ಎರಡೂ ಕಡೆ ಕಟ್ಟಿಗೆ ತುಂಡು ಕೊಟ್ಟು ಬಿಗಿದು ಎರಡು ದಿನ ಬಿಡಿ.

ಇನ್ನೊಂದು ಮಾತು. ಪಟ್ಟಿಗಳನ್ನು ತುದಿಯ ಕಡೆ ಸಣ್ಣ ಮಾಡಿದ್ದೀರಾ? ಕಾಗದದ ಪಟ್ಟಿ ತೆಗೆದುಕೊಂಡು ನಡುವಿನ ಪಕ್ಕೆಲುಬಿನ ಮೇಲೆ ಡೆಕ್‌ನಿಂದ ಕೆಳತುದಿಯವರೆಗೆ ಸುತ್ತಿ ಅಳೆಯಿರಿ. 144 ಮಿ.ಮೀ. ಬಂತು ಅಂದುಕೊಳ್ಳಿ. 6 ಮಿ.ಮೀ. ಅಗಲದ ಪಟ್ಟಿ 24 ಬೇಕು. ಮುಂತುದಿಯಲ್ಲಿ ಅದೇ ಅಳತೆ 84 ಮಾತ್ರ ಇದ್ದರೆ ಅಲ್ಲಿ ಒಂದೊಂದು ಪಟ್ಟಿಗೂ ಸಿಗುವ ಜಾಗ ಮೂರೂವರೆ. ಅಷ್ಟಕ್ಕೆ ಮುಂಚೆಯೇ ತೋಪಡಾದಿಂದ ಓರೆ ಹೊಡೆದು ಇಟ್ಟುಕೊಳ್ಳಬೇಕು. ಅರ್ಧಕ್ಕಿಂತ ಸಣ್ಣ ಮಾಡಬೇಡಿ, ತುದಿ ಸೀಳುತ್ತದೆ. ಅಷ್ಟು ಜಾಗ ಇಲ್ಲದ ಕಡೆ ಎರಡು ಪಟ್ಟಿ ಸೇರಿ ಒಂದಾಗಲಿ.

ಉಳಿಬಾಚಿ · ಜೂನ್ 10

ಅಣ್ಣ, ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ಮರ ಯಾವುದು ಅಂತ ಹೇಳಲೇ ಇಲ್ಲವಲ್ಲ? ಫೋಟೋ ನೋಡಿದರೆ ತೇಗದ ಹಾಗಿದೆ. ತೇಗ ಬಾಳಿಕೆಗೆ ಒಳ್ಳೇದು, ಆದರೆ ಇಷ್ಟು ತೆಳು ಪಟ್ಟಿ ಮಾಡಿ ಬಾಗಿಸಿದರೆ ಎಳೆ ಬಿಟ್ಟು ಸೀಳುತ್ತದೆ. ಅದರ ಎಳೆಯೂ ದಪ್ಪ, ಚಿಕ್ಕ ಮಾದರಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಕಡೆ ಗುಡಿಗಾರರು ಗಂಧದ ಮರದ ಜೊತೆ ಶಿವನೆ ಮರವನ್ನೂ ಕೆತ್ತುತ್ತಾರೆ. ಶಿವನೆ ಹಗುರ, ಎಳೆ ನಯ, ಒಣಗಿದ ಮೇಲೆ ಅಷ್ಟಾಗಿ ಡೊಂಕಾಗುವುದಿಲ್ಲ. ಒಂದೂವರೆ ಮಿ.ಮೀ. ದಪ್ಪಕ್ಕೆ ಸೀಳಿಸಿ, ಅರ್ಧ ಗಂಟೆ ಬಿಸಿ ನೀರಿನಲ್ಲಿ ನೆನೆಸಿ, ಬಿಸಿ ಪೈಪಿನ ಮೇಲೆ ಮೆಲ್ಲಗೆ ಬಾಗಿಸಿ.

ಅದಕ್ಕಿಂತ ದೊಡ್ಡ ವಿಷಯ ಮಳೆ. ಜೂನ್‌ನಲ್ಲಿ ಪಣಂಬೂರಿನಲ್ಲಿ ಕೂತು ಪಟ್ಟಿ ಅಂಟಿಸುತ್ತಿದ್ದೀರಿ! ಈಗ ಮರ ಗಾಳಿಯ ಪಸೆ ಕುಡಿದು ಊದಿಕೊಂಡಿದೆ. ಈಗ ಒತ್ತಾಗಿ ಕೂತ ಪಟ್ಟಿಗಳ ನಡುವೆ ಫೆಬ್ರುವರಿಯಲ್ಲಿ ಉಗುರು ಹೋಗುವಷ್ಟು ಸಂದು ಬಿಡುತ್ತದೆ. ನನ್ನದೇ ಒಂದು ತೇರಿನ ಮಾದರಿ ಹೀಗೆ ಹಾಳಾಯಿತು. ಆಷಾಢದಲ್ಲಿ ಕೂಡಿಸಿದ್ದೆ. ಶಿವರಾತ್ರಿ ಹೊತ್ತಿಗೆ ನಾಲ್ಕೂ ಮೂಲೆ ಬಾಯಿ ಬಿಟ್ಟಿತ್ತು. ಎರಡು ವರ್ಷದ ಕೆಲಸ ಅದು. ಪಟ್ಟಿಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಒಂದು ಹಳೇ 40 ವ್ಯಾಟ್ ಬಲ್ಬು ತೂಗುಹಾಕಿ. ಬಲ್ಬು ರಟ್ಟಿಗೂ ಮರಕ್ಕೂ ತಾಗಬಾರದು, ಮನೆಯಲ್ಲಿ ಯಾರಾದರೂ ಇರುವಾಗ ಮಾತ್ರ ಹಚ್ಚಿ. ಎಂಟು ದಿನ ಹಾಗೆ ಒಣಗಿಸಿ ಬಳಸಿ. ಅಥವಾ ನವರಾತ್ರಿವರೆಗೆ ಕಾಯಿರಿ. ಮುಗಿದ ಮೇಲೆ ಹೊರಗಷ್ಟೇ ಅಲ್ಲ, ಒಡಲ ಒಳಗೂ ಅರಗಿನ ಪಾಲಿಶ್ ಎರಡು ಕೈ ಹೊಡೆಯಿರಿ. ಹೊರಗೆ ಮಾತ್ರ ಹೊಡೆದರೆ ಪಸೆ ಒಳಗಿನಿಂದ ಹತ್ತುತ್ತದೆ.

ಪಣಂಬೂರಿನವ · ಜೂನ್ 15

ತಮ್ಮಂದಿರೇ, ಇಬ್ಬರಿಗೂ ದೊಡ್ಡ ಉಪಕಾರ. ಬಿಸಿ ಬಟ್ಟೆಯ ಉಪಾಯ ಕೆಲಸ ಮಾಡಿತು. 22 ಪಟ್ಟಿ ಎದ್ದವು, ಮೂರು ಮಾತ್ರ ಮುರಿದವು. ಬೆನ್ನುಮೂಳೆ ಈಗ ಹಲಗೆಗೆ ಬಿಗಿದು ಮಲಗಿದೆ. ದಾರ ಹಿಡಿದರೆ ಒಂದು ಮಿ.ಮೀ. ಒಳಗೇ ಇದೆ. ಮರ ತೇಗವೇ. ಹಳೇ ಬಾಗಿಲ ಚೌಕಟ್ಟಿನದು, ನಮ್ಮ ತಂದೆ ಮಾಡಿಸಿದ್ದು. ಅದನ್ನು ಡೆಕ್ ಮನೆಗೆ, ಅಂದರೆ ಡೆಕ್ ಮೇಲಿನ ಕೋಣೆಗೆ, ಇಟ್ಟುಕೊಳ್ಳುತ್ತೇನೆ. ಒಡಲಿಗೆ ಶಿವನೆ ಹುಡುಕುತ್ತೇನೆ.

ಅರ್ಧಇಂಚು · ಜೂನ್ 15

ತುಂಬಾ ಖುಷಿ ಆಯಿತು ಸರ್. ಕಾಯುವ ಹೊತ್ತಿನಲ್ಲಿ ನೋಡಲಿ ಅಂತ ನಾನು ಮೂರು ವರ್ಷದ ಹಿಂದೆ ಕಟ್ಟಿದ ಟಗ್‌ನ ಫೋಟೋ ಹಾಕಿದ್ದೇನೆ. ಇದು ಯಾವುದೇ ನಿಜವಾದ ಬೋಟಿನದಲ್ಲ, ಮನಸ್ಸಿಗೆ ಬಂದ ಹಾಗೆ ಮಾಡಿದ್ದು. ಟಗ್ ಮೇಲೆ ಕೆಲಸ ಮಾಡಿದವರು ಇಲ್ಲಿ ಸಿಕ್ಕಿದ್ದು ಇದೇ ಮೊದಲು. ತಪ್ಪಿದ್ದರೆ ದಯವಿಟ್ಟು ಹೇಳಿ.

ಪಣಂಬೂರಿನವ · ಜೂನ್ 16

ತಮ್ಮಾ, ಕೆಲಸ ಬಹಳ ಅಚ್ಚುಕಟ್ಟು. ಕಿಟಕಿಯ ಚೌಕಟ್ಟು ನೋಡಿ ನನಗೆ ನಾಚಿಕೆಯೇ ಆಯಿತು. ಆದರೆ ಕೇಳಿದ್ದೀಯ ಅಂತ ಹೇಳುತ್ತೇನೆ. ಈ ಬೋಟು ಹಡಗನ್ನು ಎಳೆಯಲಾರದು. ಹಗ್ಗ ಕಟ್ಟುವ ಗೂಟವನ್ನು ಹಿಂದಿನ ತುಟ್ಟತುದಿಯಲ್ಲಿ ಇಟ್ಟಿದ್ದೀಯ.

ನೋಡಿದವರಿಗೆ ಅದೇ ಸರಿ ಅನ್ನಿಸುತ್ತದೆ. ಗಾಡಿಗೆ ಹಗ್ಗ ಕಟ್ಟಿ ಎಳೆದರೆ ಹಿಂದೆಯೇ ತಾನೇ ಕಟ್ಟುವುದು? ಬೋಟು ಹಾಗಲ್ಲ. ಬೋಟು ತಿರುಗುವುದು ಹಿಂಭಾಗ ಪಕ್ಕಕ್ಕೆ ಸರಿದರೆ. ಚುಕ್ಕಾಣಿ ಎಡಕ್ಕೆ ಹಾಕಿದರೆ ಹಿಂಭಾಗ ಬಲಕ್ಕೆ ಜಾರುತ್ತದೆ, ಆಗ ಮೂತಿ ಎಡಕ್ಕೆ ಹೋಗುತ್ತದೆ. ಸಾವಿರಾರು ಟನ್ ಹಡಗಿನ ಹಗ್ಗ ಹಿಂತುದಿಯನ್ನೇ ಹಿಡಿದುಕೊಂಡಿದ್ದರೆ ಅದು ಜಾರುವುದು ಹೇಗೆ? ಅದಕ್ಕೇ ಹಗ್ಗದ ಹುಕ್ಕಾಗಲಿ ಹಗ್ಗ ಸುತ್ತಿ ಎಳೆಯುವ ವಿಂಚಾಗಲಿ ಡೆಕ್ ಮನೆಯ ಹಿಂದೆ, ನಡುವಿಗೆ ಹತ್ತಿರ ಇರುತ್ತದೆ. ಚುಕ್ಕಾಣಿಗಿಂತ ತುಂಬಾ ಮುಂದೆ.

ನನ್ನ ಮೊಮ್ಮಗಳಿಗೆ ಇದನ್ನು ಹೀಗೆ ತೋರಿಸಿದೆ. ಅಡಿಕೆ ಹಾಳೆಯಲ್ಲಿ ಗೇಣುದ್ದದ ದೋಣಿ ಮಾಡಿ ಬಟ್ಟೆ ಒಗೆಯುವ ಟಬ್ಬಿನಲ್ಲಿ ಬಿಟ್ಟೆವು. ಹಿಂತುದಿಗೆ ದಾರ ಕಟ್ಟಿ ಅವಳ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿ ಅಂದೆ. ನಾನು ಒಂದು ಬೆರಳಿನಿಂದ ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ಒತ್ತಿದೆ. ಸ್ವಲ್ಪ ಸರಿದು ವಾಪಸ್ ಬಂತು. ಆಮೇಲೆ ದಾರವನ್ನು ದೋಣಿಯ ನಡುವಿಗೆ ಕಟ್ಟಿದೆವು. ಅದೇ ಬೆರಳು, ಅಷ್ಟೇ ಒತ್ತು. ದೋಣಿ ಗಿರ್ರನೆ ತಿರುಗಿತು. ಅವಳು ಇನ್ನೂ ಹತ್ತು ಸಲ ಮಾಡಿಸಿದಳು.

ನಡುವೆ ಕಟ್ಟುವುದಕ್ಕೆ ಒಂದು ಅಪಾಯವೂ ಇದೆ. ಹಡಗು ಜೋರಾಗಿ ಮುಂದೆ ನುಗ್ಗಿ ಹಗ್ಗ ಟಗ್‌ನ ಪಕ್ಕಕ್ಕೆ ಬಂದುಬಿಟ್ಟರೆ ಟಗ್ ಅಡ್ಡಡ್ಡ ಎಳೆಸಿಕೊಂಡು ಹೋಗುತ್ತದೆ. ಡೆಕ್ ಅಂಚು ನೀರಿಗೆ ಇಳಿದರೆ ಮಗುಚಲು ನಿಮಿಷವೂ ಬೇಡ. ಇದಕ್ಕೆ ಗರ್ಟಿಂಗ್ ಅನ್ನುತ್ತಾರೆ. ಹಾಗಾಗಿಯೇ ಹುಕ್ಕಿಗೆ ಹಗ್ಗವನ್ನು ತಟ್ಟನೆ ಕಳಚುವ ಕೀಲು ಇರುತ್ತದೆ. ನಮ್ಮ ಟಗ್‌ನಲ್ಲಿ ಎಳೆಯುವಾಗ ಆ ಕೀಲಿನ ಹತ್ತಿರ ಒಬ್ಬ ನಿಂತಿರುತ್ತಿದ್ದ, ಎಷ್ಟೋ ಸಲ ನಾನೇ. ಕಣ್ಣು ಹಗ್ಗದ ಮೇಲೆ, ಕಿವಿ ಟಗ್ ನಡೆಸುವ ಸೆರಾಂಗ್ ಕೂಗಿನ ಮೇಲೆ.

ಇನ್ನೊಂದು. ಹಿಂದಿನ ಡೆಕ್ ಮೇಲೆ ಡ್ರಮ್ಮು, ಪೆಟ್ಟಿಗೆ, ಏಣಿ ಎಲ್ಲ ಚೆನ್ನಾಗಿ ಜೋಡಿಸಿದ್ದೀಯ. ಅವೆಲ್ಲ ತೆಗೆ. ಹಗ್ಗ ಆ ಡೆಕ್ ಮೇಲೆ ಎಡದಿಂದ ಬಲಕ್ಕೆ ಗುಡಿಸಿಕೊಂಡು ಹೋಗುತ್ತದೆ. ದಾರಿಯಲ್ಲಿ ಏನಿದ್ದರೂ ಸಮುದ್ರಕ್ಕೆ, ಮನುಷ್ಯನಿದ್ದರೆ ಮನುಷ್ಯನೂ. ಅದಕ್ಕೇ ಹಿಂದಿನ ಕಟಕಟೆಯ ಅಂಚು ಗುಂಡಗೆ, ನುಣ್ಣಗೆ ಇರುತ್ತದೆ. ಖಾಲಿ ಬಿಟ್ಟರೆ ಬೋಳು ಕಾಣುತ್ತದೆ ಅಂತ ಅನ್ನಿಸಬಹುದು. ಟಗ್‌ಗೆ ಆ ಬೋಳೇ ಚೆಂದ.

ಅರ್ಧಇಂಚು · ಜೂನ್ 16

ಸರ್, ಓದಿದ ತಕ್ಷಣ ಗಾಜಿನ ಪೆಟ್ಟಿಗೆ ತೆಗೆದು ಗೂಟ ಕಿತ್ತೆ. ಮೂರು ವರ್ಷದಿಂದ ಎಷ್ಟೋ ಜನ ನೋಡಿ ಹೊಗಳಿದ್ದಾರೆ, ಒಬ್ಬರೂ ಇದನ್ನು ಹೇಳಿರಲಿಲ್ಲ. ಎರಡು ರಂಧ್ರ ಉಳಿದಿವೆ, ಅದೇ ಮರದ ಪುಡಿ ಅಂಟಿನಲ್ಲಿ ಕಲಸಿ ತುಂಬಿದ್ದೇನೆ. ಪೆಟ್ಟಿಗೆ, ಡ್ರಮ್ಮು ಎಲ್ಲ ತೆಗೆದೆ. ನೀವು ಹೇಳಿದ್ದು ಸರಿ, ಈಗ ಅದು ಕೆಲಸಕ್ಕೆ ಹೊರಟ ಹಾಗೆ ಕಾಣುತ್ತಿದೆ.

ಸರೋವರದೂರು · ಜೂನ್ 20

ನಮಸ್ತೆ ಅಂಕಲ್. ನಾನು ಮೂಡುಬಿದಿರೆಯವಳು, ಸಿಯಾಟಲ್‌ನಲ್ಲಿದ್ದೇನೆ. ಆರ್ಥರ್ ಫಾಸ್ ನಮ್ಮ ಆಫೀಸಿನಿಂದ ನಡೆದುಹೋಗುವ ದೂರ. ದಿನಾ ಅದರ ಮುಂದೆ ಹೋಗುತ್ತೇನೆ, ಆದರೆ ಅದು ಏನು, ಯಾಕೆ ಅಂತ ಯೋಚಿಸಿಯೇ ಇರಲಿಲ್ಲ. ನಿಮ್ಮ ಬರಹ ಓದಿ ನಿನ್ನೆ ಹೋಗಿ ನಿಂತು ನೋಡಿದೆ. ವಿಂಚ್ ನೀವು ಹೇಳಿದ ಹಾಗೇ ಡೆಕ್ ಮನೆಯ ಹಿಂದೆ ಇದೆ! ನಿಮಗೆ ಯಾವ ಯಾವ ಫೋಟೋ ಬೇಕು ಹೇಳಿ. ಟೇಪು ಹಿಡಿದುಕೊಂಡು ಹೋಗುತ್ತೇನೆ, ಅಲ್ಲಿಯವರ ಹತ್ತಿರ ಅನುಮತಿ ಕೇಳಿಯೇ ಅಳೆಯುತ್ತೇನೆ.

ಪಣಂಬೂರಿನವ · ಜೂನ್ 20

ಮಗಳೇ, ನೀನು ಮಾಡುವ ಈ ಉಪಕಾರ ಮರೆಯಲಾರೆ. ಒಟ್ಟು ಬೋಟಿನ ಚಂದದ ಫೋಟೋ ನನ್ನ ಹತ್ತಿರ ಇವೆ. ಬೇಕಾಗಿರುವುದು ಯಾರೂ ತೆಗೆಯದ ಫೋಟೋ. ಹಿಂಭಾಗದ ಗುಂಡಗಿನ ಅಡಿ, ನೀರಿನ ಮಟ್ಟದಿಂದ. ಕಟಕಟೆಯಲ್ಲಿ ಡೆಕ್ ಮೇಲಿನ ನೀರು ಹರಿದುಹೋಗುವ ಕಿಂಡಿಗಳು, ಎಷ್ಟಿವೆ, ಒಂದರಿಂದ ಒಂದು ಎಷ್ಟು ದೂರ. ಹಗ್ಗ ಸುತ್ತುವ ಕಂಬಗಳ ದಪ್ಪ, ಎತ್ತರ. ಫೋಟೋ ತೆಗೆಯುವಾಗ ಪಕ್ಕದಲ್ಲಿ ನಿನ್ನ ಟೇಪು ಅಥವಾ ಒಂದು ಅಡಿಪಟ್ಟಿ ಇಡು. ಆಗ ಅಲ್ಲಿ ಅಳೆಯದೆ ಬಿಟ್ಟದ್ದನ್ನೂ ಇಲ್ಲಿ ಕೂತು ಅಳೆಯಬಹುದು.

ಬೊಂಬೆಊರು · ಜೂನ್ 23

ಚನ್ನಪಟ್ಟಣದಿಂದ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಗೊಂಬೆ ಕಡೆಯುವ ಕೆಲಸ. ಚಿಮಣಿ, ಹಗ್ಗದ ಕಂಬ, ವಿಂಚಿನ ಉರುಳೆ, ದೀಪದ ಬುಡ, ಗುಂಡಗಿರುವುದೆಲ್ಲ ನಾನು ಕಡೆದು ಕೊಡುತ್ತೇನೆ ಸರ್. ಹಾಲೆ ಮರದಲ್ಲಿ ಮಾಡಿದರೆ ಅಂಚು ಚೂರಾಗದೆ ಚೊಕ್ಕವಾಗಿ ಬರುತ್ತದೆ. 4 ಮಿ.ಮೀ. ಕಂಬವನ್ನೂ ಕಡೆಯಬಹುದು, ಕೈ ಹಗುರ ಇರಬೇಕು ಅಷ್ಟೇ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಆ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆ ಗರಿಯಲ್ಲಿ ಉಜ್ಜಿ ಹೊಳಪು ಕೊಡುತ್ತೇವೆ. ನಿಮಗೆ ಆ ಹೊಳಪು ಬೇಕಾ ಬೇಡವಾ ಹೇಳಿ. ಡೀಸೆಲ್ ಹೊಗೆ ಕುಡಿದ ಚಿಮಣಿಗೆ ಅದು ಜಾಸ್ತಿ ಆಗಬಹುದು ಅಂತ ನನ್ನ ಅನಿಸಿಕೆ.

ಪಣಂಬೂರಿನವ · ಜೂನ್ 23

ಹೊಳಪು ಬೇಡ. ಅರಗು ಹತ್ತಿಸಿ, ಗರಿ ಉಜ್ಜದೆ ಬಿಟ್ಟುಬಿಡಿ. ಮಳೆ ಕಡಿಮೆಯಾದ ಮೇಲೆ ನಾನೇ ಬರುತ್ತೇನೆ, ನಕ್ಷೆ ತರುತ್ತೇನೆ. ನಿಮ್ಮ ಕೈಕೆಲಸ ಕೂತು ನೋಡಬೇಕು.

ಉಳಿಬಾಚಿ · ಜುಲೈ 2

ಒಡಲಿಗೆ ಬಣ್ಣ ಹೊಡೆಯುತ್ತೀರಾ? ನನ್ನ ಕೇಳಿದರೆ ಬೇಡ. ಶಿವನೆಯ ಹಳದಿ ಬಿಳುಪು ಅರಗಿನ ಪಾಲಿಶ್ ಕುಡಿದ ಮೇಲೆ ಬೆಣ್ಣೆ ಕಾಯಿಸಿದ ಹಾಗೆ ಆಗುತ್ತದೆ. 24 ಪಟ್ಟಿ ಒಂದೊಂದಾಗಿ ಓರೆ ಹೊಡೆದು ಕೂರಿಸಿ ಅದರ ಮೇಲೆ ಬಣ್ಣ ಬಳಿದರೆ ಪ್ಲಾಸ್ಟಿಕ್ ಬೋಟಿಗೂ ಇದಕ್ಕೂ ಏನು ವ್ಯತ್ಯಾಸ? ಮನೆಗೆ ಬಂದವರು ಮರ ನೋಡಲಿ.

ಪಣಂಬೂರಿನವ · ಜುಲೈ 3

ನಿನ್ನ ಮಾತಿನಲ್ಲಿ ಮರದ ಮೇಲಿನ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ನಾನು ಬಣ್ಣ ಹೊಡೆಯುತ್ತೇನೆ. ಮೂವತ್ತು ವರ್ಷ ತುಕ್ಕು ಕೆರೆದು ಬಣ್ಣ ಬಳಿದ ಕೈ ಇದು. ಬಣ್ಣ ಇಲ್ಲದ ಟಗ್ ನೋಡಿದರೆ ಇನ್ನೂ ನೀರಿಗೆ ಇಳಿದೇ ಇಲ್ಲ ಅನ್ನಿಸುತ್ತದೆ. ಡೆಕ್ ಮನೆಗೆ ಬಿಳಿ, ಅಂಚುಗಳಿಗೆ ಹಸಿರು, ಅಲ್ಲಿ ನೋಡಿದ ಹಾಗೇ. ಡೆಕ್ ಮಾತ್ರ ಬರೀ ಮರ. ನಿಜವಾದ ಡೆಕ್‌ನಲ್ಲಿ ಹಲಗೆಗಳ ನಡುವೆ ನಾರು ತುರುಕಿ ಡಾಂಬರು ಸುರಿದಿರುತ್ತಾರೆ, ಕಪ್ಪು ಗೆರೆ ಕಾಣುತ್ತದೆ. ಆ ಗೆರೆ ಮಾದರಿಯಲ್ಲಿ ತರುವುದು ಹೇಗೆ?

ಅರ್ಧಇಂಚು · ಜುಲೈ 3

6ಬಿ ಪೆನ್ಸಿಲ್ ಸರ್. ಪ್ರತಿ ಡೆಕ್ ಪಟ್ಟಿಯ ಒಂದು ಅಂಚಿಗೆ ಮಾತ್ರ ಚೆನ್ನಾಗಿ ಉಜ್ಜಿ ಅಂಟಿಸಿ. ಎರಡೂ ಅಂಚಿಗೆ ಉಜ್ಜಿದರೆ ಗೆರೆ ದಪ್ಪ ಆಗುತ್ತದೆ. ಮೇಲೆ ಮರಳು ಕಾಗದ ಹಾಕುವಾಗ ಪೆನ್ಸಿಲ್ ಪುಡಿ ಮರಕ್ಕೆ ಹತ್ತುತ್ತದೆ, ಅದಕ್ಕೆ ಬ್ಲೇಡಿನಿಂದ ಹೆರೆಯುವುದು ಒಳ್ಳೇದು.

ಉಳಿಬಾಚಿ · ಜುಲೈ 4

ಬಣ್ಣದ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ ಅಣ್ಣ. ಬೋಟು ನಿಮ್ಮದು. ಪಟ್ಟಿ ಆರಿಸುವಾಗ ಮರದ ತಿರುಳು ಮಾತ್ರ ತೆಗೆದುಕೊಳ್ಳಿ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳು ಬೀಳುತ್ತದೆ, ಬಣ್ಣದ ಕೆಳಗೆ ಕೂತು ತಿಂದರೆ ಗೊತ್ತೇ ಆಗುವುದಿಲ್ಲ.

ಸರೋವರದೂರು · ಆಗಸ್ಟ್ 11

ಅಂಕಲ್, 63 ಫೋಟೋ ಕಳಿಸಿದ್ದೇನೆ. ಒಂದು ಪ್ರಶ್ನೆ. ಟಗ್‌ಗಳ ಮೂತಿಗೆ ಗಡ್ಡದ ಹಾಗೆ ಹಗ್ಗದ ದೊಡ್ಡ ಗಂಟು ಕಟ್ಟಿರುತ್ತಾರಲ್ಲ, ಅದನ್ನು ಇಷ್ಟು ಚಿಕ್ಕದಾಗಿ ಹೇಗೆ ಮಾಡುತ್ತೀರಿ?

ಪಣಂಬೂರಿನವ · ಆಗಸ್ಟ್ 12

ಅದು ಫೆಂಡರ್. ಹಡಗಿಗೆ ಮೂತಿ ಒತ್ತಿ ತಳ್ಳುವಾಗ ಎರಡಕ್ಕೂ ಪೆಟ್ಟಾಗದಿರಲಿ ಅಂತ. ಸವೆದ ಹಗ್ಗ ಬಿಸಾಡದೆ ಅದರಿಂದಲೇ ಹೆಣೆಯುತ್ತಿದ್ದೆವು. ಒಳಗೆ ತುಂಡು ಹಗ್ಗಗಳ ಕಟ್ಟು, ನಡುವೆ ದಪ್ಪ, ತುದಿಗಳಲ್ಲಿ ಸಪೂರ. ಅದರ ಸುತ್ತ ಇನ್ನೊಂದು ಹಗ್ಗದಿಂದ ಕುಣಿಕೆ ಹಾಕುತ್ತಾ ಹೋಗುವುದು, ಹಿಂದಿನ ಸಾಲಿನ ಕುಣಿಕೆಗೆ ಮುಂದಿನ ಸಾಲು ಸಿಕ್ಕಿಸಿ, ಬುಟ್ಟಿ ಹೆಣೆದ ಹಾಗೆ. ಮಾದರಿಗೂ ಅದೇ ಗಂಟು. ಹಗ್ಗದ ಬದಲು ಹತ್ತಿಯ ದಾರ, ಹೆಣೆಯುವ ಹುಕ್ಕಿನ ಬದಲು ಗೋಣಿ ಹೊಲಿಯುವ ದಬ್ಬಳ. ಎರಡೂವರೆ ಇಂಚಿನ ಫೆಂಡರ್‌ಗೆ ನಾಲ್ಕು ಸಂಜೆ ಬೇಕಾಯಿತು. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದೆ. ಎದ್ದ ನೂಲಿನ ಎಳೆಗಳನ್ನು ಮೋಂಬತ್ತಿಯ ಮೇಲೆ ಸರ್ರನೆ ಆಡಿಸಿ ಸುಟ್ಟೆ. ನಿಧಾನ ಮಾಡಿದರೆ ಫೆಂಡರೇ ಸುಡುತ್ತದೆ, ಹುಷಾರು.

ಪೆಟ್ಟು ತಡೆಯಲು ಟಗ್‌ನ ಪಕ್ಕಕ್ಕೆ ತೂಗುಹಾಕುವ ಹಳೇ ಟೈರುಗಳ ಲೆಕ್ಕವೂ ಹೇಳುತ್ತೇನೆ, ಬೇರೆಯವರಿಗೆ ಬೇಕಾಗಬಹುದು. ಲಾರಿ ಟೈರು ಸುಮಾರು ಒಂದು ಮೀಟರ್. 1:48ರಲ್ಲಿ 21 ಮಿ.ಮೀ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಅಷ್ಟೇ ಅಗಲದ ರಬ್ಬರ್ ರಿಂಗ್ ಸಿಗುತ್ತದೆ. ಎರಡೆರಡು ಅಂಟಿಸಿದರೆ ಟೈರಿನ ದಪ್ಪ ಬರುತ್ತದೆ. ಪ್ರತಿ ಟೈರಿನ ಹಿಂದೆ ಒಡಲಿಗೆ ಕಪ್ಪು ಉಜ್ಜಿದ ಗುರುತು ಹಾಕುವುದನ್ನು ಮರೆಯಬೇಡಿ.

ಪಣಂಬೂರಿನವ · ಅಕ್ಟೋಬರ್ 19

ಆಯುಧ ಪೂಜೆ ಮುಗಿಸಿ ಮತ್ತೆ ಕೈ ಹಾಕಿದೆ. ಬಲಕ್ಕೊಂದು, ಎಡಕ್ಕೊಂದು. ದಿನಕ್ಕೆ ಎರಡು ಜೊತೆಗಿಂತ ಜಾಸ್ತಿ ಅಂಟಿಸಲಿಲ್ಲ. ಹಿಂಭಾಗದ ಗುಂಡಗಿನಲ್ಲಿ ಐದು ಪಟ್ಟಿ ಸೀಳಿದವು. ಆಮೇಲೆ ಅಲ್ಲಿ ಮಾತ್ರ ಒಂದು ಮಿ.ಮೀ. ದಪ್ಪದ್ದು ಎರಡು ಪದರ ಹಾಕಿದೆ, ಮಾತು ಕೇಳಿತು. ನಿನ್ನೆ ಕೊನೆಯ ಪಟ್ಟಿ ಕೂತಿತು. ದಾರ ಹಿಡಿದೆ, ನೇರ ಇದೆ.

ರಾತ್ರಿ ಕರೆಂಟ್ ಹೋದಾಗ ಡೆಕ್ ಹಾಕುವ ಮೊದಲು ನೋಡೋಣ ಅಂತ ಒಡಲೊಳಗೆ ಟಾರ್ಚ್ ಇಟ್ಟೆ. ಎಡಗಡೆ ಹನ್ನೊಂದನೇ ಪಟ್ಟಿಯ ಕೆಳಗೆ ಒಂದು ಬೆರಳುದ್ದ ಬೆಳಕಿನ ಗೆರೆ ಕಂಡಿತು. ಉಳಿದ ಕಡೆಯೆಲ್ಲ ಕತ್ತಲೆ. ಮೊಮ್ಮಗಳು ಪೆನ್ಸಿಲ್ ತಂದು ಆ ಜಾಗಕ್ಕೆ ಗುರುತು ಹಾಕಿದಳು. ಬೆಳಿಗ್ಗೆ ಶಿವನೆಯದೇ ಒಂದು ಸಿಬರು ಕೆತ್ತಿ ಅಂಟು ಸವರಿ ತೂರಿಸಿದ್ದೇನೆ.

ಚನ್ನಪಟ್ಟಣದವರೇ, ವಿಂಚಿನ ಉರುಳೆಯ ಅಳತೆ ಸಿಯಾಟಲ್‌ನಿಂದ ಬಂದಿದೆ. ಮುಂದಿನ ಗುರುವಾರ ರೈಲಿಗೆ ಬರುತ್ತೇನೆ. ಅದೊಂದನ್ನು ಮೊದಲು ಕಡೆದುಕೊಡಿ. ಚಿಮಣಿ, ಕಂಬ ಎಲ್ಲ ಆಮೇಲೆ ಆದರೂ ನಡೆಯುತ್ತದೆ.